ಮುಳುಗಿಸಿದ ಹಾಯಿದೋಣಿ

ಫಾಲ್ಗುಣ ಬಹುಳ ಪಂಚಮಿ, ಬೆಳಗಿನ ಏಳು ಗಂಟೆ. ನದಿ ಸಮುದ್ರವನ್ನು ಸೇರುವಲ್ಲಿ ಒಂದು ನಡುಗಡ್ಡೆ. ಅದರ ಮೇಲೆ ಒಂದು ಆಶ್ರಮ. ಆಶ್ರಮದ ಹಿಂದಿನ ಮರಳಿನಲ್ಲಿ ಮಗುಚಿ ಬಿದ್ದಿದ್ದ ಹಾಯಿದೋಣಿಯ ಬೆನ್ನಿನಿಂದ ವನಮಾಲೆ ಒಣಬಳ್ಳಿಗಳನ್ನು ಕಿತ್ತೆಸೆಯತೊಡಗಿದಳು.

ಒಂದು ಕಾಲಕ್ಕೆ ಆ ದೋಣಿ ಶಿಷ್ಯರನ್ನು ತುಂಬಿಕೊಂಡು ಬರುತ್ತಿತ್ತು. ಈಗ ಉಳಿದವರು ಇಬ್ಬರೇ: ಎಂಬತ್ತು ದಾಟಿದ ಗುರು ಭಾಮತಿಯಮ್ಮ, ಮತ್ತು ವನಮಾಲೆ. ಅಮ್ಮನ ನಂತರ ತಾನೊಬ್ಬಳೇ ಆಗಿಬಿಡುವೆನೆಂಬ ಭಯ ವನಮಾಲೆಯನ್ನು ಹಗಲೂ ಇರುಳೂ ಬಿಡದು. ದೋಣಿ ತೇಲಿದರೆ ಜನ ಬಂದಾರು ಎಂದು ಅವಳ ಆಸೆ.

“ಅಮ್ಮ, ಇದನ್ನು ಸರಿಮಾಡುತ್ತೇನೆ.”

“ಮಾಡು. ಬಾಗಿಲು ಹಾಕಿಕೊಂಡು ಅಳುವುದಕ್ಕಿಂತ ಮೇಲು.”

“ನಾನೆಲ್ಲಿ ಅಳುತ್ತೇನೆ?”

“ನನ್ನ ಕಿವಿ ಇನ್ನೂ ಚುರುಕಾಗಿದೆ, ಮಾರಾಯ್ತಿ.”

ದೋಣಿಯ ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ಹುರಿಯಿಂದ ಹೊಲಿದಿದ್ದರು. ವರ್ಷಗಟ್ಟಲೆ ಬಿಸಿಲಿಗೆ ಒಣಗಿ, ಹಲಗೆ ಹಲಗೆಯ ನಡುವೆ ಬೆರಳು ತೂರುವಷ್ಟು ಸಂದು. ವನಮಾಲೆ ಹೊಸ ಹುರಿ ಹೊಸೆದು ಹೊಲಿದಳು. ಹತ್ತಿಯನ್ನು ರಾಳದಲ್ಲಿ ಅದ್ದಿ, ಉಳಿಯಿಟ್ಟು ಬಡಿದು ಬಡಿದು ಸಂದುಗಳಿಗೆ ತುರುಕಿದಳು. ಬೆಳಕಿನ ಒಂದು ಎಳೆಯೂ ನುಸುಳದಂತಾಯಿತು.

ಭಾಮತಿಯಮ್ಮ ಬಂದು ಹಲಗೆಯ ಮೇಲೆ ಕೈಯಾಡಿಸಿದರು.

“ಗಟ್ಟಿಯಾಗಿದೆ,” ಎಂದರು. “ಬಹಳ ಗಟ್ಟಿ.”

ಅದು ಹೊಗಳಿಕೆಯೆಂದೇ ತಿಳಿದು ವನಮಾಲೆ ನಕ್ಕಳು.

ನೀರಿಗಿಳಿದ ದೋಣಿ ಮೊದಮೊದಲು ಚೆನ್ನಾಗಿಯೇ ತೇಲಿತು. ಆಮೇಲೆ ಒಣಮರ ನೀರು ಕುಡಿದು ಹಿಗ್ಗಿತು. ಹಿಗ್ಗಲು ಜಾಗವಿಲ್ಲದೆ ಹಲಗೆಗಳು ಒಂದನ್ನೊಂದು ನೂಕಿದವು. ಹೊಲಿಗೆಗಳು ಪಟಪಟನೆ ಹರಿದವು.

ವನಮಾಲೆ ಸೊಂಟಮಟ್ಟದ ನೀರಿನಲ್ಲಿ ನಿಂತುಬಿಟ್ಟಳು.

“ನಿಮಗೆ ಗೊತ್ತಿತ್ತು!”

“ಗೊತ್ತಿತ್ತು.”

“ಹೇಳಬಾರದಿತ್ತೆ?”

“ಬಹಳ ಗಟ್ಟಿ ಎಂದೆನಲ್ಲ. ನೀನು ನಕ್ಕೆ.”

ಅಮ್ಮ ದಡದಿಂದಲೇ ಹೇಳಿದರು: “ತುರುಕಿದ್ದನ್ನೆಲ್ಲ ಕಿತ್ತುಹಾಕು. ಹೊಲಿಗೆಯನ್ನು ಸಡಿಲವಾಗಿ ಹಾಕು. ಕಲ್ಲು ತುಂಬಿ ದೋಣಿಯನ್ನು ಮುಳುಗಿಸು.”

“ತೇಲಬೇಕಾದ್ದನ್ನು ಮುಳುಗಿಸುವುದೆ?”

“ಒಣಗಿದ ಮರ ತನ್ನ ಅಳತೆಯನ್ನು ಮರೆತಿರುತ್ತದೆ.”

“ಎಷ್ಟು ದಿನ ಬೇಕು?”

“ನನ್ನನ್ನೇಕೆ ಕೇಳುತ್ತೀ? ನಾನು ಮರವೆ?”

ದೋಣಿ ನೀರಿನಡಿ ಮಲಗಿತು. ಇಳಿತದ ಹೊತ್ತಿಗೆ ಅದರ ಅಂಚಷ್ಟೇ ಕಾಣುವುದು. ವನಮಾಲೆ ದಡದಲ್ಲಿ ಕುಳಿತು ಅದನ್ನೇ ನೋಡುವಳು. ಮಾಡಲು ಕೆಲಸವಿಲ್ಲ, ಆಡಲು ಮಾತಿಲ್ಲ. ಆಚೆ ದಡದಲ್ಲಿ ಯಾರದೋ ಒಲೆಯ ಹೊಗೆ ಏಳುವುದು, ಕರಗುವುದು.

ಜ್ಯೇಷ್ಠದಲ್ಲಿ ಕಲ್ಲು ತೆಗೆದು ಎತ್ತಿದಾಗ ಹಲಗೆಗಳು ತಾವಾಗಿಯೇ ಕೂಡಿಕೊಂಡಿದ್ದವು. ಅಲ್ಲೊಂದು ಇಲ್ಲೊಂದು ಎಳೆ ಹತ್ತಿ ಸಾಕಾಯಿತು. ಅವಳು ಹೊಲಿಗೆ ಬಿಗಿದು, ಹಾಯಿ ಕಟ್ಟಿದಳು.

ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ ಇಬ್ಬರೂ ಆಚೆ ದಡಕ್ಕೆ ಹೊರಟರು. ಹಾಯಿ ಗಾಳಿ ತುಂಬಿಕೊಂಡಿತು. ಒಂದು ಹನಿಯೂ ಒಳಬರಲಿಲ್ಲ.

“ಅಮ್ಮ, ಇನ್ನು ಹಳಬರನ್ನೆಲ್ಲ ಕರೆತರುತ್ತೇನೆ. ಮತ್ತೆ ಪಾಠ, ಊಟ, ಗದ್ದಲ...”

“ಯಾರಿಗಾಗಿ?”

“ಆಶ್ರಮಕ್ಕಾಗಿ.”

“ಆಶ್ರಮ ಕೇಳಿತೆ?”

ವನಮಾಲೆ ಚುಕ್ಕಾಣಿಯನ್ನು ಬಿಗಿಹಿಡಿದಳು. “ನನಗಾಗಿ,” ಎಂದಳು ಕೊನೆಗೆ. “ನೀವು ಹೋದಮೇಲೆ ಆ ಮೌನದಲ್ಲಿ ನನ್ನಿಂದ ಇರಲಾಗದು.”

“ಇದ್ದು ನೋಡಿದ್ದೀಯಾ?”

ದೋಣಿ ಆಚೆ ದಡದ ಮರಳಿಗೆ ತಾಗಿತು. ಭಾಮತಿಯಮ್ಮ ನೆರಿಗೆ ಎತ್ತಿಕೊಂಡು ಮೊಳಕಾಲುದ್ದದ ನೀರಿಗೆ ಇಳಿದರು. ವನಮಾಲೆ ಕೈಹಿಡಿಯಲು ಎದ್ದಳು. ಅವರು ತಲೆಯಾಡಿಸಿ ತಡೆದರು.

“ಸಂಜೆ ಕರೆದೊಯ್ಯಲು ಎಷ್ಟು ಹೊತ್ತಿಗೆ ಬರಲಿ, ಅಮ್ಮ?”

“ಬರಬೇಡ. ಆಶ್ರಮದಲ್ಲಿ ನೀನಿರು; ಅಕ್ಕಿ ಬೇಳೆ ಕೋಣೆಯಲ್ಲಿದೆ. ಈ ಸಲದ ಚಾತುರ್ಮಾಸ್ಯದ ನಾಲ್ಕು ತಿಂಗಳೂ ನಾನು ಈ ದಡದಲ್ಲೇ ಇರುತ್ತೇನೆ.”