ಹಲ್ಲಿಯ ಬಾಲ ನಿಲ್ಲಲು ಕಲಿತದ್ದು

ಇಂಚರಾ ಪೊರಕೆ ಹಿಡಿದು ಗೋಡೆಯ ಹಲ್ಲಿಯನ್ನು ಅಟ್ಟಿಸಿಕೊಂಡು ಹೊರಟಿದ್ದಳು. "ಇದು ಮೈಮೇಲೆ ಬಿದ್ದಿದ್ದಕ್ಕೇ ದೊಡ್ಡಮ್ಮನಿಗೆ ಕ್ಯಾನ್ಸರ್ ಗಂಟು ಬಂದಿದ್ದು."

"ಹಲ್ಲಿ ಬಿದ್ರೆ ಗಂಟು ಬರೋ ಹಾಗಿದ್ರೆ ನಾನು ಇಷ್ಟೊತ್ತಿಗೆ ಮೂಟೆ ಆಗಿರ್ತಿದ್ದೆ. ಕೂತ್ಕೋ," ಅಂದಳು ಅಜ್ಜಿ. ಕತೆ ಶುರುಮಾಡಿದಳು.

ಲೋಕ ಆಗಷ್ಟೇ ಕಣ್ಣು ಬಿಟ್ಟಿತ್ತು. ಎಲ್ಲರ ಮೈಯೂ ಸಣ್ಣ ಸಣ್ಣ ಕಣಗಳಿಂದ ಆಗಿತ್ತು. ಆ ಕಣಗಳಿಗೆ ಗೊತ್ತಿದ್ದದ್ದು ಒಂದೇ ಮಾತು: ಎರಡಾಗು.

ಒಂದು ದಿನ ಹಲ್ಲಿಯ ಬಾಲ ಬೆಕ್ಕಿನ ಬಾಯಿಗೆ ಹೋಯಿತು. ಉಳಿದ ಮೋಟಿನ ಕಣಗಳು ಎರಡಾದವು, ಮತ್ತೆ ಎರಡಾದವು. ಹೊಸ ಬಾಲ ಬಂತು. ಹಲ್ಲಿಗೆ ಖುಷಿಯೋ ಖುಷಿ.

ಆದರೆ ಬಾಲ ನಿಲ್ಲಲಿಲ್ಲ. ಅಂಗಳ ದಾಟಿತು, ಬೇಲಿ ದಾಟಿತು. ತಿಂದ ನೊಣವೆಲ್ಲ ಬಾಲಕ್ಕೇ ಹೋಗಿ ಹಲ್ಲಿ ಸೊರಗಿತು. ಬೆಕ್ಕು ಮತ್ತೆ ಬಂದರೆ ಓಡುವುದಕ್ಕೂ ಆಗದು.

"ಸಾಕು ಕಣ್ರೋ," ಅಂತು ಹಲ್ಲಿ.

"ಸಾಕು ಅಂದ್ರೇನು?" ಅಂದವು ಕಣಗಳು.

ಹಲ್ಲಿ ಗಾಳಿಯನ್ನು ಕೇಳಿತು. "ನಿಲ್ಲೋದು ನನಗೂ ಗೊತ್ತಿಲ್ಲ," ಅಂತು ಗಾಳಿ. ನದಿಯನ್ನು ಕೇಳಿತು. "ನನಗೂ ಗೊತ್ತಿಲ್ಲ. ನನ್ನನ್ನ ತಡೆಯೋದು ದಡ, ಅದನ್ನ ಕೇಳು," ಅಂತು ನದಿ.

ದಡ ಒಂದೊಂದು ಕಣದೊಳಗೂ ಇಬ್ಬರು ಕಾವಲುಗಾರರನ್ನು ಕೂರಿಸಿತು, ತಾಯಿ ಕಡೆಯಿಂದ ಒಬ್ಬ, ತಂದೆ ಕಡೆಯಿಂದ ಒಬ್ಬ. "ಕಣ ಎರಡಾಗೋ ಮುಂಚೆ ತಡೆದು ನೋಡಿ. ಹಾಳಾಗಿದ್ರೆ ಸರಿಮಾಡಿಸಿ. ಸರಿಹೋಗದಿದ್ರೆ ಅಲ್ಲೇ ಉದುರಿಸಿ. ಒಬ್ಬ ಬಿದ್ರೆ ಇನ್ನೊಬ್ಬ ನೋಡ್ಕೊಳ್ಳಲಿ. ಇಬ್ಬರೂ ಬಿದ್ರೆ ಆ ಕಣಕ್ಕೂ ಅದರ ಮಕ್ಕಳಿಗೂ ಸಾಕು ಅನ್ನೋದು ಕೇಳಿಸೋದೇ ಇಲ್ಲ."

ಹೆಚ್ಚಿನ ಬಾಲ ಉದುರಿತು, ಉಳಿದದ್ದು ನಿಂತಿತು. ಕಾವಲುಗಾರರು ತೂಕಡಿಸದಿರಲೆಂದು ಹಲ್ಲಿ ಆಗಾಗ ಲೊಚಗುಟ್ಟತೊಡಗಿತು.

"ದೊಡ್ಡಮ್ಮನ ಕಾವಲುಗಾರರು ಇಬ್ಬರೂ ಬಿದ್ರಾ?" ಇಂಚರಾ ಕೇಳಿದಳು.

"ಯಾವುದೋ ಒಂದು ಕಣದಲ್ಲಿ ಬಿದ್ರು. ಅದು ಹಲ್ಲಿ ತಪ್ಪಲ್ಲ, ದೊಡ್ಡಮ್ಮನ ತಪ್ಪೂ ಅಲ್ಲ. ಈಗ ಡಾಕ್ಟರು ಹೊರಗಿಂದ ತಡೀತಿದ್ದಾರೆ."

"ನಿಲ್ಲುತ್ತಾ?"

"ಗೊತ್ತಿಲ್ಲ ಮಗಾ. ನನಗೂ ಭಯ ಇದೆ."

ಇಂಚರಾ ಪೊರಕೆ ಕೆಳಗಿಟ್ಟಳು. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು. ಇಬ್ಬರೂ ಬೆರಳಿಂದ ನೆಲ ತಟ್ಟಿದರು.

ಇವತ್ತಿಗೂ ಹಲ್ಲಿಯ ಹೊಸ ಬಾಲ ಹಳೆಯದಕ್ಕಿಂತ ತುಸು ಮೋಟಾಗಿಯೇ ನಿಲ್ಲುತ್ತದೆ. ಅದು ಲೊಚಗುಟ್ಟಿದಾಗ ನಾವು ಮಾತು ನಿಲ್ಲಿಸಿ ನೆಲ ತಟ್ಟುವುದು, ನಮ್ಮೊಳಗಿನ ಕಾವಲುಗಾರರೂ ಎಚ್ಚರವಾಗಿರಲಿ ಅಂತ.