ಮೊದಲ ಬಟ್ಟಲು

"ಗುರುಗಳೇ, ಇಷ್ಟು ವರ್ಷ ಇಷ್ಟೆಲ್ಲ ಓದಿದೆ, ಕೇಳಿದೆ. ಆದರೂ ಒಳಗೆ ಏನೂ ಉಳಿದಂತಿಲ್ಲವಲ್ಲ, ಏಕೆ?" ಎಂದು ಶಂಭುಲಿಂಗ ಕೇಳಿದ.

ಮಠದಲ್ಲಿ ಅವನ ಕಿವಿಗೆ ಎಲ್ಲರೂ ಹೆದರುತ್ತಿದ್ದರು. ಯಾವ ಪ್ರವಚನವಾದರೂ ಸರಿ, ಯಾವ ಹಾಡಾದರೂ ಸರಿ, ಅದರಲ್ಲಿನ ಹುಳುಕು ಅವನಿಗೆ ಥಟ್ಟನೆ ಸಿಗುತ್ತಿತ್ತು. ಹಿಂದಿನ ದಿನ ಬೆಳಿಗ್ಗೆ, ಅಂಗಳ ಗುಡಿಸುವ ಬಾಳವ್ವ ಎಂದಿನಂತೆ ಹಾಡಿಕೊಳ್ಳುತ್ತಿದ್ದಾಗ ಅವಳನ್ನು ನಿಲ್ಲಿಸಿ, ನಾಲ್ಕು ಜನರೆದುರು ಮೂರು ತಪ್ಪು ತಿದ್ದಿದ್ದ. ಹಾಡು ಇಂಪಾಗಿತ್ತು. ಅದನ್ನು ಹೇಳಬೇಕೆಂದು ಮಾತ್ರ ಅವನಿಗೆ ತೋಚಿರಲಿಲ್ಲ.

ಗುರುಗಳು ನಕ್ಕರು. "ಒಂದು ಕತೆ ಹೇಳುತ್ತೇನೆ. ಕುಡಿಯುವವರ ಕತೆ. ಮೂಗು ಮುರಿಯಬೇಡ" ಎಂದು ಶುರುಮಾಡಿದರು.

ದ್ರಾಕ್ಷಿ ಬೆಳೆಯುವ ಒಂದು ನಾಡಿನಲ್ಲಿ ಒಬ್ಬ ಪರೀಕ್ಷಕನಿದ್ದ. ದ್ರಾಕ್ಷಾರಸದ ರುಚಿ ನೋಡಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಹೇಳುವುದು ಅವನ ಕಸುಬು. ದಿನಕ್ಕೆ ಮೂವತ್ತು ನಲವತ್ತು ಬಟ್ಟಲು ನೋಡಬೇಕು. ಎಲ್ಲವನ್ನೂ ನುಂಗುತ್ತ ಹೋದರೆ ಐದನೆಯದಕ್ಕೇ ನಾಲಿಗೆ ತೊದಲುತ್ತದೆ. ಆದ್ದರಿಂದ ಬಾಯಲ್ಲಿ ಹೊರಳಿಸಿ ಉಗುಳುವುದು ಆ ಕಸುಬಿನವರ ರೂಢಿ. ಅವನು ಹೂಂ ಎಂದರೆ ಆ ಸರಕಿಗೆ ಮರ್ಯಾದೆ. ಊಹೂಂ ಎಂದರೆ ಅದನ್ನು ಯಾರೂ ಮೂಸಿ ನೋಡುತ್ತಿರಲಿಲ್ಲ.

ಒಮ್ಮೆ ಅವನು ದಾರಿ ತಪ್ಪಿ ಒಂದು ಗುಡ್ಡದ ಇಳಿಜಾರಿಗೆ ಬಂದ. ಅಲ್ಲೊಂದು ಮನೆ, ಹಿಂದೆ ನಾಲ್ಕು ಸಾಲು ಬಳ್ಳಿ, ನೆಲಮಾಳಿಗೆಯಲ್ಲಿ ಮನೆಯವರೇ ಮಾಡಿಟ್ಟ ದ್ರಾಕ್ಷಾರಸದ ಕೆಲವೇ ಪೀಪಾಯಿ. ಇಂಥದೊಂದು ಮನೆ ಇದೆಯೆಂದು ಅಷ್ಟು ಬಲ್ಲವನಿಗೂ ಗೊತ್ತಿರಲಿಲ್ಲ. ಇದ್ದವರು ಒಬ್ಬ ಮುದುಕಿ, ಅವಳ ಮಗ, ಇಬ್ಬರೇ. ಬಂದವನು ಯಾರೆಂದು ಕೂಡ ಕೇಳದೆ, ಸರಿಯಾದ ಹೊತ್ತಿಗೇ ಬಂದೆ ಎಂದು ಮುದುಕಿ ಅವನನ್ನು ನೆಲಮಾಳಿಗೆಗೆ ಕರೆದೊಯ್ದಳು.

ಅಲ್ಲಿ ಮೂಲೆಯಲ್ಲಿ ಒಂದು ಪೀಪಾಯಿಯನ್ನು ಬೇರೆಯಾಗಿ ಇಟ್ಟಿದ್ದರು. ಅದನ್ನು ತುಂಬಿದವನು ಅವಳ ಗಂಡ. ಒಂಬತ್ತು ಸುಗ್ಗಿ ಕಳೆಯುವವರೆಗೆ ಮುಟ್ಟಬೇಡಿ ಎಂದು ಹೇಳಿ, ಆ ವರ್ಷವೇ ತೀರಿಕೊಂಡಿದ್ದ. ಅವನು ಕೊನೆಯದಾಗಿ ಮಾಡಿದ್ದು ಚೆನ್ನಾಗಿ ಬಂದಿದೆಯೇ ಎಂದು ತಿಳಿಯಲು ಅವಳು ಒಂಬತ್ತು ವರ್ಷ ಕಾದಿದ್ದಳು. ಮೊದಲ ಬಟ್ಟಲನ್ನು ಹೊರಗಿನವರಿಗೆ ಕೊಡುವುದು ಆ ಮನೆಯ ಪದ್ಧತಿ. ಅವರು ಕುಡಿದರೆ ಮನೆಯವರು ಕುಡಿಯಬೇಕು. ಅವರಿಗೆ ಸೇರದಿದ್ದರೆ ಪೀಪಾಯಿಯನ್ನೇ ಬಳ್ಳಿಗಳ ಬುಡಕ್ಕೆ ಸುರಿಯಬೇಕು. ಮುದುಕಿ ಇದನ್ನೆಲ್ಲ ಹೇಳಿದಳು. ಪರೀಕ್ಷಕ ಅರ್ಧ ಕಿವಿಯಲ್ಲಿ ಕೇಳಿದ. ಅವನ ಕಣ್ಣು ಬಟ್ಟಲಿನ ಕೆಂಪು ಬಣ್ಣದ ಮೇಲಿತ್ತು.

ಒಂದು ಗುಟುಕು ಬಾಯಿಗೆ ಹಾಕಿಕೊಂಡ. ಮೈ ಜುಂ ಎಂದಿತು. ಒಗರೆಲ್ಲ ಮಾಗಿ ಮೆತ್ತಗಾಗಿತ್ತು. ಮೂವತ್ತು ವರ್ಷದಲ್ಲಿ ಅಂಥ ರುಚಿ ಅವನ ನಾಲಿಗೆಗೆ ತಾಗಿರಲಿಲ್ಲ. ಸಿಕ್ಕಿತು ಎಂದು ಒಳಗೇ ಹಿಗ್ಗಿದ. ಹಿಗ್ಗುತ್ತಲೇ, ರೂಢಿಯಂತೆ, ಪಕ್ಕಕ್ಕೆ ತಿರುಗಿ ಉಗುಳಿದ.

ಮುದುಕಿ ಬಗ್ಗಿ ಸೆರಗಿನಿಂದ ನೆಲ ಒರೆಸಿದಳು. ಆಮೇಲೆ ಮೆಲ್ಲಗೆ, "ಕೆಟ್ಟುಹೋಗಿದೆಯೇನಪ್ಪಾ?" ಎಂದು ಕೇಳಿದಳು.

ಪರೀಕ್ಷಕನಿಗೆ ಆಗ ಎಚ್ಚರವಾಯಿತು. ನಾಚಿಕೆಯಾಯಿತು. ಇಷ್ಟು ಒಳ್ಳೆಯದನ್ನು ತಾನು ಕಂಡೇ ಇಲ್ಲ ಎಂದ. ಉಗುಳುವುದು ತನ್ನ ಕಸುಬಿನ ರೂಢಿ ಎಂದು ತಡವರಿಸುತ್ತ ವಿವರಿಸಿದ. ಇನ್ನೊಂದು ಬಟ್ಟಲು ಕೊಟ್ಟರೆ ತಳ ಕಾಣುವವರೆಗೆ ಕುಡಿಯುತ್ತೇನೆ ಎಂದು ಅಂಗಲಾಚಿದ.

ಮುದುಕಿಗೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು. "ಒಳ್ಳೆಯದನ್ನು ಯಾರಾದರೂ ಉಗುಳುತ್ತಾರೆಯೇ?" ಎಂದಳು. "ಈಗ ನೀನು ಕುಡಿದರೆ ನಮ್ಮ ಮೇಲಿನ ಮರುಕಕ್ಕೆ ಕುಡಿಯುತ್ತೀಯ. ಆ ವರ್ಷ ಅವರ ಕೈ ಸೋತಿರಬೇಕು, ಬಿಡು."

ಮಗ ಪೀಪಾಯಿಯನ್ನು ಬಳ್ಳಿಗಳ ಹತ್ತಿರಕ್ಕೆ ಉರುಳಿಸಿಕೊಂಡು ಹೊರಟ. ಪರೀಕ್ಷಕ ಅಡ್ಡ ನಿಂತ. ಮಗ ಅವನನ್ನು ಬಳಸಿಕೊಂಡು ಹೋದ. ಸುರಿದದ್ದನ್ನೆಲ್ಲ ಮಣ್ಣು ಕುಡಿಯಿತು. ಮುದುಕಿ ಒಂದು ಹನಿಯನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ.

ಅವನು ತಲೆ ತಗ್ಗಿಸಿ ಗುಡ್ಡ ಇಳಿದ. ಆಮೇಲೆ ಯಾರಾದರೂ, ನೀವು ಕುಡಿದದ್ದರಲ್ಲೆಲ್ಲ ಶ್ರೇಷ್ಠವಾದದ್ದು ಯಾವುದು ಎಂದು ಕೇಳಿದರೆ ಅವನಿಗೆ ಮಾತೇ ಹೊರಡುತ್ತಿರಲಿಲ್ಲ. ಅದನ್ನು ಅವನು ಕುಡಿದೇ ಇರಲಿಲ್ಲವಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಂಭುಲಿಂಗನಿಗೆ ಸಮಾಧಾನವಾಗಲಿಲ್ಲ.

"ಅವನು ಬೇಕೆಂದು ಮಾಡಿದ್ದಲ್ಲವಲ್ಲ, ಗುರುಗಳೇ. ಅದು ಅವನ ರೂಢಿ. ಅದರಲ್ಲಿ ಅವನದೇನು ತಪ್ಪು?"

ಗುರುಗಳು ಅಂಗಳದ ಕಡೆ ನೋಡಿದರು. ಅಂಗಳದಲ್ಲಿ ಒಂದು ಕಸಕಡ್ಡಿಯೂ ಇರಲಿಲ್ಲ.

"ಇವತ್ತು ಬಾಳವ್ವ ಹಾಡದೆಯೇ ಗುಡಿಸಿ ಹೋದಳು, ಗಮನಿಸಿದೆಯಾ?"