ಎರಡು ಮನೆ, ಒಂದು ಗೋಡೆ

ಪೇಟೆ ಓಣೀಲಿ ಎರಡು ಹಳೇ ಮನೆ, ಮಧ್ಯೆ ಒಂದೇ ಮಣ್ಣಿನ ಗೋಡೆ. ಕೆತ್ತನೆ ಕಂಬದ ಮನೆಗೆ ಜಂಬ ಜಾಸ್ತಿ. ಪಕ್ಕದ್ದು ಒಂದು ಮೊಳೆ ಹೊಡೆದ್ರೂ "ಗೋಡೆ ನಂದು" ಅಂತ ಕಿರುಚೋದು.

ಊರಾಚೆ ರೆಸಾರ್ಟಿನೋರು ಆ ಕಂಬದ ಮನೇನ ಕೊಂಡು ಬಿಚ್ಚೋಕೆ ಬಂದ್ರು.

"ಹೊರಟೆ ಕಣೇ. ನನ್ನ ಕಂಬ, ತೊಲೆ, ಬಾಗಿಲು ಎಲ್ಲಾ ಅಲ್ಲಿ ಜೋಡಿಸ್ತಾರಂತೆ. ನಿನ್ನ ಯಾರು ಮೂಸ್ತಾರೆ?"

"ಗೋಡೇನೂ ತಗೊಂಡು ಹೋಗ್ತೀಯೇನಕ್ಕಾ?" ಪಕ್ಕದ ಮನೆ ಹೆದರಿಕೊಂಡೇ ಕೇಳ್ತು.

"ಥೂ, ಆ ಮಣ್ಣು ಯಾರಿಗೆ ಬೇಕು? ನೀನೇ ಇಟ್ಕೋ."

ತೊಲೆ ಎಳೆದಿದ್ದೇ ತಡ, ಗೋಡೆ ವಾಲ್ತು. "ಆ ಕಡೆ ಹಿಡಿಯೋರೇ ಇಲ್ಲ, ನನ್ನ ಕೈಲಾಗಲ್ಲಮ್ಮ" ಅಂತು.

ಪಕ್ಕದ ಮನೆಗೂ ವಯಸ್ಸಾಗಿ ನಿಂತು ನಿಂತು ಸಾಕಾಗಿತ್ತು. ಆದ್ರೂ ಅಂತು, "ನನ್ನ ಮೇಲೆ ಒರಗು ಬಾ. ಇಷ್ಟು ವರ್ಷ ನಾನು ನಿನ್ನ ಮೇಲೆ ಒರಗಿರ್ಲಿಲ್ವಾ?"